ಸರದಿ ಕಾಯುವ ಸ್ಪ್ಯಾನಿಯಲ್

ಸ್ಪ್ಯಾನಿಯಲ್ ನಾಯಿಗೆ ಓಟವೇ ಕಸುಬು. ಬಂದೂಕು ಹಿಡಿದವರ ಮುಂದೆ ಎಡಕ್ಕೂ ಬಲಕ್ಕೂ ಸುಳಿದಾಡುತ್ತ, ಪೊದೆಪೊದೆಗೆ ಮೂಗು ತೂರಿಸಿ, ಅಡಗಿದ ಫೆಸೆಂಟ್ ಹಕ್ಕಿಯನ್ನೋ ಮೊಲವನ್ನೋ ಅದು ಎಬ್ಬಿಸಬೇಕು. ಅದೂ ಗುಂಡು ತಲುಪುವಷ್ಟು ದೂರದೊಳಗೇ. ಬೇಟೆ ಎದ್ದ ಕ್ಷಣವೇ ನಾಯಿ ಇದ್ದಲ್ಲೇ ಕೂತುಬಿಡಬೇಕು. ಗುಂಡಿನ ಸದ್ದಾದರೂ ಏಳುವಂತಿಲ್ಲ. ಅಪ್ಪಣೆ ಸಿಕ್ಕ ಮೇಲಷ್ಟೇ ಹೋಗಿ, ಬಿದ್ದ ಹಕ್ಕಿಗೆ ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು ತಂದುಕೊಡಬೇಕು. ಓಡುವುದನ್ನು ಈ ತಳಿಗೆ ಯಾರೂ ಕಲಿಸಬೇಕಿಲ್ಲ. ಕೂರುವುದನ್ನು ಕಲಿಸಲು ಮಾತ್ರ ತಿಂಗಳುಗಟ್ಟಲೆ ಬೇಕು. ಇಂಗ್ಲೆಂಡಿನಲ್ಲಿ ಗನ್‌ಡಾಗ್‌ಗಳಿಗೆ ಗುಂಪು ತರಬೇತಿ ಏರ್ಪಡಿಸುವುದು ಬಹುಮಟ್ಟಿಗೆ ಇದಕ್ಕಾಗಿಯೇ.

1899ರ ಜನವರಿಯಲ್ಲಿ ಡರ್ಬಿಶೈರ್‌ನ ಸಟನ್ ಸ್ಕಾರ್ಸ್‌ಡೇಲ್‌ನಲ್ಲಿ, ವಿಲಿಯಂ ಆರ್ಕ್‌ರೈಟ್ ಎಂಬ ಜಮೀನುದಾರರ ಎಸ್ಟೇಟಿನಲ್ಲಿ, ಸ್ಪ್ಯಾನಿಯಲ್‌ಗಳ ಮೊದಲ ಫೀಲ್ಡ್ ಟ್ರಯಲ್, ಅಂದರೆ ಬೇಟೆಗೆಲಸದ ಸ್ಪರ್ಧೆ, ನಡೆಯಿತು. ಇಂದಿನ ಟ್ರಯಲ್‌ಗಳಲ್ಲಿ ಅಪ್ಪಣೆಗೆ ಮೊದಲೇ ನುಗ್ಗಿದ ನಾಯಿ, ಎದ್ದ ಬೇಟೆಯ ಬೆನ್ನಟ್ಟಿದ ನಾಯಿ, ಸರದಿ ಕಾಯುವಾಗ ಕುಂಯ್‌ಗುಟ್ಟಿದ ನಾಯಿ ಅಲ್ಲಿಗೇ ಹೊರಗೆ. ಎಷ್ಟು ಚೆನ್ನಾಗಿ ವಾಸನೆ ಹಿಡಿದರೂ ವಿನಾಯಿತಿ ಇಲ್ಲ.

ನಮ್ಮ ಮನೆಯ ಚುಕ್ಕಿ ಕೆಲಸದ ತಳಿಯ ಕಾಕರ್ ಸ್ಪ್ಯಾನಿಯಲ್. ಇಂಥ ಗುಂಪು ತರಬೇತಿಗೆಂದು ಶ್ರಾಪ್‌ಶೈರ್‌ನ ಹೊಲವೊಂದಕ್ಕೆ ಅವಳು ಹೋದದ್ದು ಆಗಸ್ಟ್‌ನಲ್ಲಿ, ಗೋಧಿ ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿದ್ದ ಹೊತ್ತಿನಲ್ಲಿ. ಸ್ಪ್ರಿಂಗರ್‌ಗಳು, ಕಾಕರ್‌ಗಳು, ಜೊತೆಗೊಂದು ವಯಸ್ಸಾದ ಲ್ಯಾಬ್ರಡಾರ್. ಒಡೆಯರು ಸಾಲಾಗಿ ನಿಂತಿದ್ದರು, ಪ್ರತಿಯೊಬ್ಬರ ಎಡಗಾಲಿನ ಪಕ್ಕ ಒಂದು ನಾಯಿ. ತರಬೇತಿ ಕೊಡುತ್ತಿದ್ದ ಹಿರಿಯ ಮಹಿಳೆ ಬೇಟೆಯ ಬದಲಿಗೆ ಬಳಸುವ ಒಂದು ಪೌಂಡ್ ತೂಕದ ಹಸಿರು ಕ್ಯಾನ್ವಾಸ್ ಡಮ್ಮಿಯನ್ನು ಎತ್ತರಕ್ಕೆ ಎಸೆಯುವರು. ಒಂದು ನಾಯಿಯ ಹೆಸರು ಕೂಗುವರು. ಅದೊಂದೇ ಓಡಬೇಕು, ಮಿಕ್ಕವು ನೋಡುತ್ತ ಕೂರಬೇಕು.

ಮನೆಯ ಹಿತ್ತಲಲ್ಲಿ ಚುಕ್ಕಿ ಕಲ್ಲಿನಂತೆ ಕೂರುತ್ತಿದ್ದಳು. ಇಲ್ಲಿ ಡಮ್ಮಿ ಗಾಳಿಗೇರಿದ ಕೂಡಲೇ ಅವಳ ಮೈಯೆಲ್ಲ ನಡುಗಿತು. ಮುಂಗಾಲು ಒಂದೊಂದಾಗಿ ನೆಲ ಬಿಟ್ಟು ಏಳತೊಡಗಿದವು, ಹಿಂಭಾಗ ಕೂಳೆಯ ಮೇಲೆ ಅಂಗುಲ ಅಂಗುಲವಾಗಿ ಮುಂದಕ್ಕೆ ಸರಿಯಿತು. ಆಮೇಲೆ ಗಂಟಲಿನಿಂದ ಎಳೆಯಷ್ಟು ಸಣ್ಣ ಸ್ವರವೊಂದು ಹೊರಟಿತು. ಆ ಸ್ವರ ಕಿವಿಗೆ ಬಿದ್ದದ್ದೇ ತಡ, ತರಬೇತುದಾರರು ಕೆಲಸ ನಿಲ್ಲಿಸಿ ಅವಳನ್ನು ಸಾಲಿನಿಂದ ಬಹಳ ಹಿಂದಕ್ಕೆ ಕರೆದೊಯ್ಯಲು ಹೇಳಿದರು. ಗದರಬೇಡಿ, ಸಮಾಧಾನಪಡಿಸಲೂ ಹೋಗಬೇಡಿ ಎಂದರು. ಎಲ್ಲವೂ ಕಾಣುವಷ್ಟು ದೂರ ಸಾಕು, ಉಸಿರು ತಣ್ಣಗಾದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಮುಂದೆ ಬನ್ನಿ ಎಂದರು.

ಕುಂಯ್‌ಗುಡುವ ಚಟ ಒಮ್ಮೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ಆದ್ದರಿಂದಲೇ ಅಷ್ಟು ಅವಸರ. ಮರಿನಾಯಿಗೆ ಡಮ್ಮಿ ಎಸೆದೆಸೆದು ತರಿಸಿದರೆ, ಬಿದ್ದದ್ದೆಲ್ಲ ತನ್ನದೇ ಎಂದು ಅದು ನಂಬುತ್ತದೆ. ಹಾಗಾಗಿ ಆ ದಿನ ಎಸೆದ ಡಮ್ಮಿಗಳಲ್ಲಿ ಹೆಚ್ಚಿನವನ್ನು ಒಡೆಯರೇ ನಡೆದುಹೋಗಿ ಹೆಕ್ಕಿ ತಂದರು. ದೂರದಿಂದ ಕಾರು ಓಡಿಸಿಕೊಂಡು ಬಂದವರಿಗೆ ನಾಯಿಯ ಓಟ ನೋಡುವ ಆಸೆ ಇದ್ದೇ ಇರುತ್ತದೆ. ಅದನ್ನು ಅದುಮಿಟ್ಟು ಕೂರಿಸುವುದೇ ಸರಿಯಾದ ದಾರಿ ಎಂದು ಅಲ್ಲಿ ನಿಂತು ನೋಡಿದ ಮೇಲೆ ನನಗೆ ಮನವರಿಕೆಯಾಯಿತು.

ಗುಂಪಿನಲ್ಲಷ್ಟೇ ಎದುರಾಗುವ ಇನ್ನೊಂದು ತೊಡಕು ಸೀಟಿಯದು. ಸ್ಪ್ಯಾನಿಯಲ್ ಸಾಕಿದವರಲ್ಲಿ ಅನೇಕರ ಕೊರಳಲ್ಲಿ ಆ್ಯಕ್ಮೆ ಕಂಪನಿಯ 210.5 ನಂಬರಿನ ಸೀಟಿಯೇ ತೂಗಾಡುತ್ತದೆ. ಒಂದೇ ನಂಬರಿನವಕ್ಕೆಲ್ಲ ಒಂದೇ ಸ್ವರ. ಒಂದು ಉದ್ದ ಊದಿದರೆ ಕೂತುಕೋ, ಎರಡು ಗಿಡ್ಡ ಊದಿದರೆ ತಿರುಗು, ಸಾಲಾಗಿ ಊದಿದರೆ ಬಾ ಎಂಬುದು ಸಾಮಾನ್ಯ ಕ್ರಮ. ಪಕ್ಕದವರು ಊದಿದಾಗಲೆಲ್ಲ ಎಳೆಯ ನಾಯಿ ತಬ್ಬಿಬ್ಬಾಗುತ್ತದೆ. ಕೆಲಸದಲ್ಲಿರುವ ನಾಯಿಯ ಒಡೆಯರ ಹೊರತು ಯಾರೂ ಸೀಟಿ ಬಾಯಿಗಿಡಬಾರದೆಂದು ಅಲ್ಲಿ ಕಟ್ಟಪ್ಪಣೆಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಚುಕ್ಕಿ ಸಾಲಿಗೆ ಮರಳಿದ್ದಳು. ಆ ಲ್ಯಾಬ್ರಡಾರ್ ಪಕ್ಕ ಕೂರಿಸಿದ್ದು ಒಳ್ಳೆಯದಾಯಿತು. ಶಾಂತವಾದ ಹಿರಿಯ ನಾಯಿಯ ಬಳಿ ಮರಿಗಳು ಬೇಗ ತಣ್ಣಗಾಗುತ್ತವೆ. ಅವಳ ಪಾಲಿಗೆ ಬಂದದ್ದು ಜರೀಗಿಡಗಳ ಪೊದೆಯೊಳಗೆ ಬಿದ್ದ ಡಮ್ಮಿ. ಕಣ್ಣಿಗೆ ಕಾಣದ ಅದನ್ನು ಮೂಗಿನಿಂದಲೇ ಹುಡುಕಿ, ನೇರವಾಗಿ ಕೈಗೆ ತಂದಿತ್ತಳು. ಅಲ್ಲಿಗೆ ಅವಳ ದಿನ ಮುಗಿಯಿತು. ದಣಿದ ಮರಿಯಿಂದ ಮತ್ತೊಂದು ಸಲ ಮಾಡಿಸಲು ತರಬೇತುದಾರರು ಒಪ್ಪಲಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಹಾಗಾಗಿ ಇದೆಲ್ಲ ಏಕೆ ಎಂದು ಕನ್ನಡದ ಓದುಗರಿಗೆ ಅನಿಸಬಹುದು. ಆದರೆ ಆ ಹೊಲದಲ್ಲಿ ಸೇರಿದ್ದವರಲ್ಲೂ ಬಂದೂಕು ಮುಟ್ಟದವರಿದ್ದರು. ಹುಡುಕುವ ಚಪಲವನ್ನು ಹಿಡಿತಕ್ಕೆ ತರುವ ಈ ಶಿಸ್ತು ಬೇರೆ ಕೆಲಸಗಳಿಗೂ ಒದಗುತ್ತದೆ. ಬ್ರಿಟಿಷ್ ಸೇನೆಯ ಬಸ್ಟರ್ ಎಂಬ ಸ್ಪ್ರಿಂಗರ್ ಸ್ಪ್ಯಾನಿಯಲ್ 2003ರಲ್ಲಿ ಇರಾಕಿನ ಸಫ್ವಾನ್‌ನಲ್ಲಿ ಬಚ್ಚಿಟ್ಟಿದ್ದ ಶಸ್ತ್ರಾಸ್ತ್ರಗಳನ್ನು ಪತ್ತೆ ಮಾಡಿ, ಪ್ರಾಣಿಗಳ ಶೌರ್ಯಕ್ಕೆ ಕೊಡುವ ಡಿಕಿನ್ ಪದಕ ಪಡೆಯಿತು.

ಕೂಳೆ ಹೊಲದಿಂದ ಬಂದ ನಾಯಿಯ ಕಿವಿಯೊಳಗೆ, ಕಾಲ್ಬೆರಳುಗಳ ನಡುವೆ ನೋಡದೆ ಮಲಗಿಸಬಾರದು. ಬಾಣದ ಮೊನೆಯಂಥ ಒಣಹುಲ್ಲಿನ ಬೀಜ ಕೂದಲಿಗೆ ಸಿಕ್ಕಿಕೊಂಡರೆ ಮುಂದಕ್ಕೇ ಸರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಚರ್ಮ ತೂರಿ ಒಳಗೆ ಹೋದರೆ ಕೀವು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ. ಉದ್ದ ಕಿವಿಯ ಸ್ಪ್ಯಾನಿಯಲ್‌ಗಳಿಗೆ ಈ ಕಾಟ ಹೆಚ್ಚು.

ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಕಾಕರ್ ಸಾಕಿಕೊಂಡವರೂ ಇದರಲ್ಲಿ ಒಂದನ್ನು ನಾಳೆಯಿಂದಲೇ ಮಾಡಬಹುದು. ಚೆಂಡು ಎಸೆಯಿರಿ, ನಾಯಿಯನ್ನು ಕೂರಿಸಿ, ಹೆಚ್ಚಿನ ಸಲ ನೀವೇ ಹೋಗಿ ತನ್ನಿ. ಅದು ಸುಮ್ಮನೆ ಕೂತು ನೋಡಿದ ಮೇಲೆ ಒಂದು ಸಲ ಓಡಲು ಬಿಡಿ.