ಸ್ವರ ಬಿಡಿಸುವ ರಂಗೋಲಿ

ಮಕ್ಕಳೇ, ಊರ ಗುಡಿಯಲ್ಲಿ ಭಜನೆ ಆರಂಭವಾಗುವ ಮುನ್ನ ಏನು ನಡೆಯುತ್ತದೆ ಎಂದು ಗಮನಿಸಿದ್ದೀರಾ? ಹಾರ್ಮೋನಿಯಂ ನುಡಿಸುವವರು ಒಂದು ಸ್ವರ ಹಿಡಿಯುತ್ತಾರೆ. ತಬಲಾ ನುಡಿಸುವವರು ಸಣ್ಣ ಸುತ್ತಿಗೆಯಿಂದ ತಬಲಾದ ಅಂಚನ್ನು ತಟ್ಟುತ್ತಾ ಕಿವಿಗೊಟ್ಟು ಕೇಳುತ್ತಾರೆ. ತಂಬೂರಿ ಇದ್ದರೆ ಅದರ ತಂತಿಗಳನ್ನು ಬಿಗಿ ಮಾಡುತ್ತಾರೆ, ಸಡಿಲಿಸುತ್ತಾರೆ. ಇದಕ್ಕೆ ಶ್ರುತಿ ಮಾಡುವುದು ಎಂದು ಹೆಸರು. ಹುಬ್ಬಳ್ಳಿ ತಾಲ್ಲೂಕಿನ ಸುಳ್ಳದಂತಹ ಹಳ್ಳಿಯ ಭಜನೆಯಿರಲಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ ಅವರಂತಹವರು ಹಾಡಿದ ದೊಡ್ಡ ಸಭೆಯಿರಲಿ, ಶ್ರುತಿ ಸೇರದಿದ್ದರೆ ಹಾಡು ಹಾಡಾಗುವುದಿಲ್ಲ.

ಶ್ರುತಿ ಸೇರಿತೋ ಇಲ್ಲವೋ ಎಂದು ತೀರ್ಮಾನಿಸುವುದು ಕಿವಿ. ಆದರೆ ಆ ಕಿವಿ ಪಳಗಲು ಅನೇಕ ವರ್ಷಗಳ ಅಭ್ಯಾಸ ಬೇಕು. ಕೆಲವರಿಗಂತೂ ಕಿವಿಯೇ ಕೇಳಿಸುವುದಿಲ್ಲ. ಹಾಗಾದರೆ ಶ್ರುತಿಯನ್ನು ಕಣ್ಣಿನಿಂದ ನೋಡಲು ಸಾಧ್ಯವೇ? ಸಾಧ್ಯ! ಹೇಗೆಂದು ತಿಳಿಯೋಣ.

ಆಸಿಲೋಸ್ಕೋಪು

ಆಸ್ಪತ್ರೆಯಲ್ಲಿ ರೋಗಿಯ ಹೃದಯದ ಬಡಿತವನ್ನು ಪರದೆಯ ಮೇಲೆ ಏರಿಳಿಯುವ ಗೆರೆಯಾಗಿ ತೋರಿಸುವ ಯಂತ್ರವನ್ನು ನೀವು ನೋಡಿರಬಹುದು. ಆಸಿಲೋಸ್ಕೋಪು ಅದೇ ಬಗೆಯ ಉಪಕರಣ. ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯಗಳಲ್ಲಿ ಇದು ಇರುತ್ತದೆ. ಇದಕ್ಕೆ ಮೂಲವಾದ ಕೊಳವೆಯನ್ನು 1897ರಲ್ಲಿ ಜರ್ಮನಿಯ ಫರ್ಡಿನಂಡ್ ಬ್ರೌನ್ ಎಂಬ ವಿಜ್ಞಾನಿ ತಯಾರಿಸಿದರು.

ಶಬ್ದವೆಂದರೆ ಕಂಪನ. ಮೈಕು ಗಾಳಿಯ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಾಯಿಸುತ್ತದೆ. ಆ ವಿದ್ಯುತ್ತನ್ನು ಆಸಿಲೋಸ್ಕೋಪಿಗೆ ಕೊಟ್ಟರೆ ಪರದೆಯ ಮೇಲಿರುವ ಬೆಳಕಿನ ಚುಕ್ಕೆ ಶಬ್ದಕ್ಕೆ ತಕ್ಕಂತೆ ಮೇಲೆ ಕೆಳಗೆ ಓಡುತ್ತದೆ. ಅದು ಬಹಳ ವೇಗವಾಗಿ ಓಡುವುದರಿಂದ ನಮ್ಮ ಕಣ್ಣಿಗೆ ಚುಕ್ಕೆಯ ಬದಲು ಗೆರೆ ಕಾಣುತ್ತದೆ.

ಎರಡು ಸ್ವರ, ಒಂದು ಚುಕ್ಕೆ

ಈಗ ಒಂದು ಆಟ ಆಡೋಣ. ಒಂದೇ ಚುಕ್ಕೆಗೆ ಎರಡು ಸ್ವರಗಳನ್ನು ಕೊಡೋಣ. ಒಂದು ಸ್ವರ ಚುಕ್ಕೆಯನ್ನು ಎಡಕ್ಕೆ ಬಲಕ್ಕೆ ಎಳೆಯಲಿ. ಇನ್ನೊಂದು ಮೇಲಕ್ಕೆ ಕೆಳಕ್ಕೆ ಎಳೆಯಲಿ. ಚುಕ್ಕೆ ಎರಡೂ ಮಾತನ್ನು ಕೇಳಬೇಕು. ಆಗ ಅದು ಸುತ್ತಿ ಬಳಸಿ ಓಡುತ್ತಾ ಚಿತ್ರ ಬಿಡಿಸುತ್ತದೆ!

ಎರಡೂ ಸ್ವರಗಳು ಒಂದೇ ಆಗಿದ್ದರೆ ಓರೆ ಗೆರೆ, ವೃತ್ತ ಅಥವಾ ಮೊಟ್ಟೆಯಾಕಾರ ಬರುತ್ತದೆ. ಒಂದರ ಕಂಪನ ಇನ್ನೊಂದರ ಎರಡರಷ್ಟಿದ್ದರೆ 8ರಂತಹ ಆಕಾರ ಬರಬಹುದು. ಷಡ್ಜ ಮತ್ತು ಅದರ ಮೇಲಿನ ಪಂಚಮವನ್ನು, ಅಂದರೆ ಸ ಮತ್ತು ಪ ಸ್ವರಗಳನ್ನು ಕೊಟ್ಟರೆ ಏನಾಗುತ್ತದೆ? ಸ ಸೆಕೆಂಡಿಗೆ 240 ಸಲ ಕಂಪಿಸಿದರೆ ಪ 360 ಸಲ ಕಂಪಿಸುತ್ತದೆ. ಇವುಗಳ ಅನುಪಾತ 2:3. ಆಗ ಜಡೆ ಹೆಣೆದಂತಹ ಚಿತ್ರ ಮೂಡುತ್ತದೆ. ಅದರ ಮೇಲಂಚಿನಲ್ಲಿ 3 ತಿರುವು, ಪಕ್ಕದ ಅಂಚಿನಲ್ಲಿ 2 ತಿರುವು ಇರುತ್ತವೆ. ಎಣಿಸಿದರೆ ಸಾಕು, ಅನುಪಾತ ತಿಳಿಯುತ್ತದೆ.

ಮುಖ್ಯವಾದ ಸಂಗತಿ ಇದು: ಸ್ವರಗಳು ಸರಿಯಾಗಿ ಕೂಡಿದ್ದರೆ ಚಿತ್ರ ಅಲುಗಾಡದೆ ನಿಲ್ಲುತ್ತದೆ. ಪಂಚಮ 360ರ ಬದಲು 361 ಆದರೂ ಸಾಕು, ಚಿತ್ರ ನಿಲ್ಲದೆ ಉರುಳತೊಡಗುತ್ತದೆ. ಕಿವಿ ಗುರುತಿಸಲು ಕಷ್ಟಪಡುವ ವ್ಯತ್ಯಾಸವನ್ನು ಕಣ್ಣು ಕೂಡಲೇ ಹಿಡಿಯುತ್ತದೆ.

ತಂಬೂರಿಯ ಕೊನೆಯ ತಂತಿ ಕೆಳಗಿನ ಷಡ್ಜ, ಮೊದಲನೆಯದು ಸಾಮಾನ್ಯವಾಗಿ ಪಂಚಮ, ನಡುವಿನ ಜೋಡಿ ತಂತಿಗಳು ಮೇಲಿನ ಷಡ್ಜ. ಇವುಗಳ ಅನುಪಾತ 2:3:4. ಎಷ್ಟು ಸರಳ ನೋಡಿ! ಆದರೆ ತಂತಿಯ ನಾದದಲ್ಲಿ ಅನೇಕ ಉಪಸ್ವರಗಳು ಬೆರೆತಿರುತ್ತವೆ. ಆದ್ದರಿಂದ ಅದರ ಚಿತ್ರ ಹೆಚ್ಚು ಅಂಕುಡೊಂಕಾಗಿರುತ್ತದೆ.

ನೋಡಿದವರು ಯಾರು?

ಇಂತಹ ಚಿತ್ರಗಳನ್ನು 1857ರಲ್ಲಿ ಫ್ರಾನ್ಸಿನ ಲಿಸಾಜು ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಆಗ ಆಸಿಲೋಸ್ಕೋಪು ಇರಲಿಲ್ಲ. ಅವರು ಎರಡು ಶ್ರುತಿಕವೆಗಳಿಗೆ ಪುಟ್ಟ ಕನ್ನಡಿಗಳನ್ನು ಅಂಟಿಸಿ, ಬೆಳಕಿನ ಕಿರಣವನ್ನು ಒಂದರಿಂದ ಇನ್ನೊಂದಕ್ಕೆ ಹಾಯಿಸಿದರು. ಇವುಗಳಿಗೆ ಇಂದಿಗೂ ಲಿಸಾಜು ಚಿತ್ರಗಳೆಂದೇ ಹೆಸರು.

ನಮ್ಮ ಸರ್ ಸಿ.ವಿ. ರಾಮನ್ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರು ಮೃದಂಗ, ತಬಲಾಗಳ ನಾದವನ್ನೂ ಅಭ್ಯಾಸ ಮಾಡಿದವರು. ವಾದ್ಯದ ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ನುಡಿಸಿದಾಗ, ಮರಳು ಕಂಪಿಸದ ಜಾಗಗಳಲ್ಲಿ ಕೂಡಿಕೊಂಡು ಗೆರೆಯಾಗುತ್ತಿತ್ತು. ಚರ್ಮದ ನಡುವೆ ಹಚ್ಚುವ ಕಪ್ಪು ಲೇಪದಿಂದಾಗಿಯೇ ಈ ವಾದ್ಯಗಳ ಉಪಸ್ವರಗಳು 1, 2, 3, 4, 5 ಎಂಬ ಪೂರ್ಣ ಸಂಖ್ಯೆಗಳ ಅನುಪಾತದಲ್ಲಿ ಬರುತ್ತವೆ ಎಂದು ಅವರು ವಿವರಿಸಿದರು.

ಕಲಾವಿದರೂ ಸುಮ್ಮನಿರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಬೆನ್ ಲಪೋಸ್ಕಿ ಆಸಿಲೋಸ್ಕೋಪಿನ ಚಿತ್ರಗಳ ಫೋಟೋ ತೆಗೆದು ಪ್ರದರ್ಶಿಸಿದರು. ಆಸ್ಟ್ರಿಯಾದ ಜೆರೊಬೀಮ್ ಫೆಂಡರ್ಸನ್ 2016ರಲ್ಲಿ ಹೊರತಂದ ಸಂಗೀತವನ್ನು ಆಸಿಲೋಸ್ಕೋಪಿಗೆ ಕೊಟ್ಟರೆ ಪರದೆಯ ಮೇಲೆ ಚಿತ್ರಗಳು ಕುಣಿಯುತ್ತವೆ. ಎಡ ಸ್ಪೀಕರಿನ ಶಬ್ದ ಚುಕ್ಕೆಯನ್ನು ಅಡ್ಡಕ್ಕೂ, ಬಲ ಸ್ಪೀಕರಿನ ಶಬ್ದ ಉದ್ದಕ್ಕೂ ಎಳೆಯುತ್ತದೆ.

ಮಾಡಿ ನೋಡಿ

ಆಸಿಲೋಸ್ಕೋಪು ಇಲ್ಲದೆಯೂ ನಿಮ್ಮ ಶಾಲೆಯಲ್ಲಿ ಲಿಸಾಜು ಚಿತ್ರ ಬಿಡಿಸಬಹುದು.

ಬೇಕಾಗುವ ಸಾಮಗ್ರಿಗಳು: ಒಂದೇ ಎತ್ತರದ ಎರಡು ಮೇಜು, ಉದ್ದನೆಯ ಕೋಲು, ದಾರ, ಪ್ಲಾಸ್ಟಿಕ್ ಬಾಟಲಿ, ಜರಡಿ ಹಿಡಿದ ಒಣ ರಂಗೋಲಿ ಪುಡಿ, ಅಳತೆಪಟ್ಟಿ, ಕಪ್ಪು ಬಟ್ಟೆ.

ವಿಧಾನ:

1. ಕೋಲನ್ನು ಎರಡು ಮೇಜುಗಳ ಮೇಲೆ ಸೇತುವೆಯಂತೆ ಇಟ್ಟು ಅಲುಗದಂತೆ ಕಟ್ಟಿರಿ.

2. ಗುರುಗಳ ನೆರವಿನಿಂದ ಬಾಟಲಿಯ ಮೇಲರ್ಧವನ್ನು ಕತ್ತರಿಸಿ. ಮುಚ್ಚಳಕ್ಕೆ ಸಣ್ಣ ರಂಧ್ರ ಮಾಡಿ, ತಲೆಕೆಳಗಾಗಿ ಹಿಡಿದು ಮೂರು ದಾರಗಳಿಂದ ಕಟ್ಟಿ. ಇದೇ ನಿಮ್ಮ ಆಲಿಕೆ.

3. ಕೋಲಿನ ಮೇಲೆ 40 ಸೆಂ.ಮೀ. ಅಂತರದಲ್ಲಿ ದಾರದ ಎರಡು ತುದಿ ಕಟ್ಟಿ. ಅದರ ನಡುವೆ ಗಂಟು ಹಾಕಿ ಆಲಿಕೆಯನ್ನು ತೂಗುಬಿಡಿ. ಕೋಲಿನಿಂದ ನೇರ ಕೆಳಗೆ ಗಂಟಿನವರೆಗೆ 35 ಸೆಂ.ಮೀ., ಗಂಟಿನಿಂದ ಆಲಿಕೆಯ ನಡುಭಾಗದವರೆಗೆ 28 ಸೆಂ.ಮೀ. ಇರಲಿ.

4. ಕೆಳಗೆ ಕಪ್ಪು ಬಟ್ಟೆ ಹಾಸಿ. ರಂಧ್ರವನ್ನು ಬೆರಳಿನಿಂದ ಮುಚ್ಚಿ ಪುಡಿ ತುಂಬಿ. ಆಲಿಕೆಯನ್ನು ಮೂಲೆಗೆ ಎಳೆದು, ಸ್ವಲ್ಪ ಪಕ್ಕಕ್ಕೆ ತಳ್ಳಿ ಬಿಡಿ.

ಬಟ್ಟೆಯ ಮೇಲೆ ಜಡೆಯಂತಹ ರಂಗೋಲಿ ಮೂಡುವುದನ್ನು ನೋಡಿ!

ಏಕೆ ಹೀಗೆ?

ಆಲಿಕೆ ಕೋಲಿನ ಉದ್ದಕ್ಕೆ ತೂಗುವಾಗ ಗಂಟಿನಿಂದ ಕೆಳಗಿನ 28 ಸೆಂ.ಮೀ. ಮಾತ್ರ ತೂಗುತ್ತದೆ. ಕೋಲಿಗೆ ಅಡ್ಡವಾಗಿ ತೂಗುವಾಗ ಪೂರ್ತಿ 63 ಸೆಂ.ಮೀ. ತೂಗುತ್ತದೆ. ಉದ್ದ ಲೋಲಕ ನಿಧಾನ, ಗಿಡ್ಡ ಲೋಲಕ ಚುರುಕು. ಉದ್ದಗಳ ಅನುಪಾತ 4:9 ಆದಾಗ ತೂಗುವ ವೇಗದ ಅನುಪಾತ 3:2 ಆಗುತ್ತದೆ. ಸುಮಾರು 16 ಸೆಕೆಂಡಿನಲ್ಲಿ ಒಂದು ದಿಕ್ಕಿನಲ್ಲಿ 10 ಸಲ, ಇನ್ನೊಂದು ದಿಕ್ಕಿನಲ್ಲಿ 15 ಸಲ ತೂಗುತ್ತದೆ. ಒಂದೊಂದೇ ದಿಕ್ಕಿಗೆ ತೂಗಿಬಿಟ್ಟು ಎಣಿಸಿ ನೋಡಿ. ಸ ಮತ್ತು ಪ ನಡುವಿನ ಸಂಬಂಧವೇ ಇಲ್ಲಿದೆ. ನಿಮ್ಮ ಆಲಿಕೆ ಸದ್ದಿಲ್ಲದೆ ಪಂಚಮವನ್ನು ಬರೆದಿದೆ!

ಗಂಟನ್ನು ಎರಡು ಸೆಂ.ಮೀ. ಮೇಲೆ ಸರಿಸಿ ಮತ್ತೆ ಬಿಡಿ. ಗೆರೆಗಳು ಒಂದರ ಮೇಲೊಂದು ಕೂರದೆ ಜಾರಿಹೋಗುತ್ತವೆ. ಇದು ಶ್ರುತಿ ತಪ್ಪಿದ ಚಿತ್ರ.

ನಿಮ್ಮ ತರಗತಿಯಲ್ಲಿ ಕಿವಿ ಕೇಳಿಸದ ಗೆಳೆಯರೋ ಗೆಳತಿಯರೋ ಇದ್ದರೆ ಈ ಪ್ರಯೋಗಕ್ಕೆ ಅವರನ್ನೇ ತೀರ್ಪುಗಾರರನ್ನಾಗಿ ಮಾಡಿ. ಶ್ರುತಿ ಸೇರಿದ್ದು ಯಾವ ಚಿತ್ರದಲ್ಲಿ ಎಂದು ಅವರು ನಿಮ್ಮಷ್ಟೇ ಚೆನ್ನಾಗಿ ಹೇಳಬಲ್ಲರು.

ಯೋಚಿಸಿ: 8ರ ಆಕಾರ ಬರಬೇಕಾದರೆ ಗಂಟು ಎಲ್ಲಿರಬೇಕು? ಸುಳಿವು: ಉದ್ದಗಳ ಅನುಪಾತ 1:4.