ಮೊದಲು ಬಂದ ಆಟ ಮೊದಲು

ಪ್ರೀತಿಯ ಅಳಿಯನಿಗೆ,

ಮೊನ್ನೆ ನೀನು ಫೋನು ಮಾಡಿದಾಗ ನಾನು ತೋಟಕ್ಕೆ ನೀರು ಬಿಡುತ್ತಿದ್ದೆ. ಪಂಪಿನ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಕೇಳಿಸಿದಷ್ಟು ಇದು: "ಮಾವ, ರೆಡ್ ಡೆಡ್ ರಿಡೆಂಪ್ಷನ್ ಎರಡೂ ತಗೊಂಡಿದ್ದೇನೆ. ಎರಡನೆಯದರ ಕಥೆ ಮೊದಲನೆಯದಕ್ಕಿಂತ ಹಿಂದೆ ನಡೆಯುವುದಂತೆ. ಯಾವುದನ್ನು ಮೊದಲು ಆಡಲಿ?"

ಪ್ಲಸ್ ಟು ಮುಗಿಯಿತು, ಹದಿನೆಂಟೂ ತುಂಬಿತು, ಕಾಲೇಜು ತೆರೆಯಲು ಇನ್ನೂ ಸಮಯ ಉಂಟು. ನೀನು ಆಡುವುದರ ಬಗ್ಗೆ ನನಗೆ ತಕರಾರಿಲ್ಲ. ದೊಡ್ಡವರಿಗೆಂದೇ ಮಾಡಿದ ವಿಡಿಯೋ ಆಟಗಳವು. ಈಗ ನೀನು ದೊಡ್ಡವನು, ಆದ್ದರಿಂದ ದೊಡ್ಡವನ ಹತ್ತಿರ ಮಾತಾಡುವ ಹಾಗೆಯೇ ಹೇಳುತ್ತೇನೆ. ಬಂದ ಕ್ರಮದಲ್ಲಿ ಆಡು. 2010ರದ್ದು ಮೊದಲು, 2018ರದ್ದು ಆಮೇಲೆ. ಇದರ ಕಾರಣ ಒಮ್ಮೆ ಮನಸ್ಸಿಗೆ ಬಂದರೆ ಮುಂದೆ ಯಾವ ಸರಣಿ ಕೈಗೆತ್ತಿಕೊಂಡರೂ ನೀನೇ ತೀರ್ಮಾನ ಮಾಡಬಲ್ಲೆ.

ನಮ್ಮ ಕಡೆ 'ಆಟ' ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. "ನಾಳೆ ಆಟ ಉಂಟು" ಎಂದು ಅಜ್ಜಿ ಹೇಳಿದರೆ ಯಾವ ಆಟ ಎಂದು ಯಾರೂ ಕೇಳುತ್ತಿರಲಿಲ್ಲ. ನನಗೆ ಒಂಬತ್ತು ವರ್ಷವಿದ್ದಾಗ ಕುಂಬಳೆ ಹತ್ತಿರ, ಕೊಯ್ಲು ಮುಗಿದ ಗದ್ದೆಯಲ್ಲಿ, ರಂಗಸ್ಥಳದೆದುರು ಚಾಪೆ ಹಾಸಿ ಅಜ್ಜಿಯ ಪಕ್ಕ ಕೂತಿದ್ದೆ. ಕೋಡಂಗಿಗಳು, ಬಾಲಗೋಪಾಲರು ಕುಣಿದು ಒಳಗೆ ಹೋಗುವಷ್ಟರಲ್ಲಿ ನನಗೆ ನಿದ್ದೆ. ಯಾವಾಗಲೋ ಅಜ್ಜಿ ತಟ್ಟಿ ಎಬ್ಬಿಸಿದರು. ಚೆಂಡೆಯ ಪೆಟ್ಟು ಎದೆಗೇ ಬೀಳುತ್ತಿತ್ತು. ವಾಲಿ ಬಾಣ ತಾಗಿ ಬಿದ್ದಿದ್ದ. ಬಿದ್ದಲ್ಲಿಂದಲೇ ತಲೆಯೆತ್ತಿ, ಮರೆಯಲ್ಲಿ ನಿಂತು ಹೊಡೆದದ್ದು ಯಾಕೆಂದು ರಾಮನನ್ನು ಕೇಳುತ್ತಿದ್ದ.

ಅಲ್ಲಿಯವರೆಗೆ ನಾನು ಪಂಚವಟಿ ನೋಡಿರಲಿಲ್ಲ. ಪುತ್ರಕಾಮೇಷ್ಟಿ ನೋಡಿದ್ದು ಕಾಲೇಜಿಗೆ ಹೋದ ಮೇಲೆ. ನಮ್ಮ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ರಾಮಾಯಣದ ಪ್ರಸಂಗಗಳ ದೊಡ್ಡ ಸಾಲೇ ಉಂಟಲ್ಲ: ಪುತ್ರಕಾಮೇಷ್ಟಿ, ಪಟ್ಟಾಭಿಷೇಕ, ಪಂಚವಟಿ, ವಾಲಿ ಸುಗ್ರೀವರ ಕಾಳಗ, ಉಂಗುರ ಸಂಧಿ, ಸೇತುಬಂಧ, ಅಂಗದ ಸಂಧಾನ, ಕುಂಭಕರ್ಣ ಕಾಳಗ, ಕೊನೆಗೆ ಕುಶಲವರ ಕಾಳಗ. ಆದರೆ ಆ ಸಾಲಿನ ಪ್ರಕಾರ ಕೂತು ನೋಡಿದವರು ಊರಲ್ಲಿ ಎಷ್ಟು ಮಂದಿ? ಹರಕೆ ಹೊತ್ತವರು ಯಾವ ಪ್ರಸಂಗ ಆಡಿಸಿದರೋ ಅದನ್ನು ನೋಡಿದೆವು. ಈ ವಾರ ಸೇತುಬಂಧ, ಮುಂದಿನ ತಿಂಗಳು ಪಂಚವಟಿ. ಆದರೂ ಕಥೆಯ ಎಳೆ ಎಲ್ಲಿಯೂ ತಪ್ಪಲಿಲ್ಲ.

ಯಾಕೆಂದರೆ ಆಟಕ್ಕೆ ಹೋಗುವ ಮೊದಲೇ ಕಥೆ ಮನೆಯಲ್ಲಿತ್ತು. ತಾರೆ ಯಾರು, ಸುಗ್ರೀವ ಋಷ್ಯಮೂಕಕ್ಕೆ ಓಡಿದ್ದು ಯಾಕೆ ಎಂಬುದೆಲ್ಲ ಅನ್ನ ಕಲಸಿ ತಿನ್ನಿಸುವಾಗಲೇ ಅಜ್ಜಿ ಹೇಳಿ ಮುಗಿಸಿದ್ದರು. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ರಾತ್ರಿಯೆಲ್ಲ ಕೂತವರಿಗೆ ವಾಲಿ ಸಾಯುತ್ತಾನೆಂದು ಗೊತ್ತಿರಲಿಲ್ಲವೇ? ಸಾಯುವ ಮುಂಚೆ ಈ ಸಲ ಏನು ಕೇಳುತ್ತಾನೆ, ಎದುರಿನ ರಾಮ ಏನು ಹೇಳಿ ಒಪ್ಪಿಸುತ್ತಾನೆ ಎಂದು ತಿಳಿಯಲು ಹೋದವರು ಅವರು. ಕಥೆ ಮೊದಲೇ ತಿಳಿದವನು ಯಾವ ಬಾಗಿಲಿನಿಂದಲೂ ಒಳಗೆ ಬರಬಹುದು.

ನಿನ್ನ ರೆಡ್ ಡೆಡ್‌ಗೆ ಆ ಅನುಕೂಲವಿಲ್ಲ. ಜಾನ್ ಮಾರ್ಸ್ಟನ್ ಯಾರೆಂದು ಯಾವ ಅಜ್ಜಿಯೂ ನಿನಗೆ ಹೇಳಿಕೊಟ್ಟಿಲ್ಲ. ಅಲ್ಲಿ ಅಜ್ಜಿಯ ಕೆಲಸವನ್ನು ಹಿಂದಿನ ಆಟವೇ ಮಾಡಬೇಕು.

2010ರ ಆಟದ ಕಥೆ ನಡೆಯುವುದು 1911ರಲ್ಲಿ. ಸರಕಾರದ ಮಂದಿ ಮಾರ್ಸ್ಟನ್ನನ ಹೆಂಡತಿ ಮಗನನ್ನು ಹಿಡಿದಿಟ್ಟುಕೊಂಡು, ಅವನ ಹಳೇ ತಂಡದವರನ್ನೇ ಬೇಟೆಯಾಡಲು ಅವನನ್ನು ಕಳುಹಿಸುತ್ತಾರೆ. ಆ ತಂಡ ಹೇಗಿತ್ತು, ಏನಾಯಿತು ಎಂಬುದು ಅಲ್ಲೊಂದು ಇಲ್ಲೊಂದು ಮಾತಿನಲ್ಲಿ ಮಾತ್ರ ಬರುತ್ತದೆ. ಗಂಟೆಗಟ್ಟಲೆ ಕುದುರೆಯ ಮೇಲೆ ಹೋಗುವಾಗ ಆ ಪ್ರಶ್ನೆ ನಿನ್ನೊಳಗೂ ಬೆಳೆಯುತ್ತದೆ. 2018ರ ಆಟ ಹನ್ನೆರಡು ವರ್ಷ ಹಿಂದೆ, 1899ಕ್ಕೆ ಹೋಗಿ ಅದೇ ತಂಡವನ್ನು ಕಣ್ಣೆದುರು ಕೂರಿಸುತ್ತದೆ. ರಾತ್ರಿ ಬೆಂಕಿ ಹಾಕಿ ಸುತ್ತ ಕೂತು ಹಾಡುತ್ತಾರೆ, ಒಬ್ಬರನ್ನೊಬ್ಬರು ಚುಡಾಯಿಸುತ್ತಾರೆ. ಮೊದಲನೆಯದನ್ನು ಆಡಿ ಬಂದವನಿಗೆ ಅವರಲ್ಲಿ ಕೆಲವರ ಹೆಸರು ಕೇಳಿದ ಕೂಡಲೇ ಹೊಟ್ಟೆಯಲ್ಲಿ ಸಂಕಟ ಏಳುತ್ತದೆ. ಏನೆಂದು ಹೇಳಲಾರೆ, ನೀನೇ ಕಾಣಬೇಕು. ಎಂಟು ವರ್ಷ ಆ ಪ್ರಶ್ನೆಯನ್ನು ಹೊತ್ತುಕೊಂಡಿದ್ದವರು ಬರುತ್ತಾರೆಂದು ತಿಳಿದೇ ಕಟ್ಟಿದ ಕಥೆ ಅದು. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಸಿಕ್ಕಿದರೆ ಅದರ ರುಚಿ ತಿಳಿಯುವುದಿಲ್ಲ, ಮಾರಾಯ.

ಇದು ನಿನಗೆ ಹೊಸ ಅನುಭವವೇನೂ ಅಲ್ಲ. ಕಾಂತಾರ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. 'ಅಧ್ಯಾಯ 1' ಎಂದು ಹೆಸರಿಟ್ಟುಕೊಂಡ ಸಿನಿಮಾ ಬಂದದ್ದು 2025ರ ಅಕ್ಟೋಬರ್ 2ಕ್ಕೆ. ಹೆಸರು ಒಂದು ಎಂದಿದ್ದರೂ ಅದು ಎರಡನೆಯದು, ಕಥೆ ಕದಂಬರ ಕಾಲದ್ದು. ಮೊದಲನೆಯದರಲ್ಲಿ ದೈವದ ಆ ಕೂಗು ಕೇಳಿ ಮೈ ಜುಮ್ಮೆಂದು, ಇದರ ಮೂಲ ಎಲ್ಲಿ ಎಂದು ಮೂರು ವರ್ಷ ಮಾತಾಡಿಕೊಂಡಿದ್ದೆವು. ಎರಡನೆಯದಕ್ಕೆ ಆ ಕುತೂಹಲವನ್ನು ಕಟ್ಟಿಕೊಂಡೇ ಹೋದೆವು. ಹೆಸರು ನೋಡಿ 'ಅಧ್ಯಾಯ 1' ಮೊದಲು ಹಾಕಿದ್ದರೆ ಆ ಕೂಗು ನಿನಗೆ ಹಾಗೆ ತಾಗುತ್ತಿತ್ತೇ, ಯೋಚಿಸು.

ಕಥೆಯದ್ದಾಯಿತು, ಇನ್ನು ಕೈಯ ವಿಷಯ. ಸಿನಿಮಾಕ್ಕೂ ಈ ಆಟಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ ಇರುವುದು. ಆಟ ಕಲಿಯುವುದು ಬೆರಳು.

2003ರ ಸುಮಾರಿಗೆ ನಾನು ಕಾಸರಗೋಡು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಲು ಹೋಗುತ್ತಿದ್ದೆ. ಅಲ್ಲಿ ಎಲ್ಲರೂ ಆಡುತ್ತಿದ್ದದ್ದು ಜಿಟಿಎ ಸರಣಿಯ ವೈಸ್ ಸಿಟಿ. ನಾನೂ ಅದರಿಂದಲೇ ಶುರು ಮಾಡಿದೆ, ಪೂರ್ತಿ ಆಡಿದೆ. ಆಮೇಲೆ ಅದಕ್ಕಿಂತ ಮುಂಚೆ, 2001ರಲ್ಲಿ ಬಂದಿದ್ದ ಜಿಟಿಎ ಮೂರನ್ನು ಹಾಕಿದೆ. ಅದರಲ್ಲಿ ಓಡಿಸಲು ಬೈಕಿಲ್ಲ. ನಾಯಕ ಬಾಯಿಯೇ ಬಿಡುವುದಿಲ್ಲ. ಎರಡು ದಿನದಲ್ಲಿ ಬಿಟ್ಟೆ. ಇಡೀ ನಗರವನ್ನು ಮೂರು ಆಯಾಮದಲ್ಲಿ ಕಟ್ಟಿ ಎಲ್ಲಿ ಬೇಕಾದರೂ ತಿರುಗು ಎಂದು ಬಿಟ್ಟು, ಆ ಸರಣಿಯ ದಾರಿಯನ್ನೇ ಬದಲಿಸಿದ ಆಟ ಅದು. ಸರಿಯಾದ ಹೊತ್ತಿಗೆ ಆಡಿದ್ದರೆ ನನಗೂ ಬೆರಗಾಗುತ್ತಿತ್ತು. ಕ್ರಮ ತಪ್ಪಿಸಿ ಆ ಬೆರಗನ್ನು ಕಳೆದುಕೊಂಡೆ. ಇಂದಿಗೂ ಅದರ ಬೇಸರ ಉಂಟು.

ಅದೇ ಸರಣಿ ಕ್ರಮವಾಗಿ ಆಡಿದವನಿಗೆ ಏನು ಕೊಡುತ್ತದೆ ಎಂಬುದೂ ನನಗೆ ಗೊತ್ತು. ವೈಸ್ ಸಿಟಿಯಲ್ಲಿ ನೀರಿಗೆ ಬಿದ್ದರೆ ಸಾವು. ಸಮುದ್ರದ ಬದಿಯ ದಾರಿಯಲ್ಲಿ ಬೈಕು ಜಾರುತ್ತದೆ ಎನ್ನುವಾಗ ಉಸಿರು ಬಿಗಿ ಹಿಡಿದ ನೆನಪು ಈಗಲೂ ಕೈಯಲ್ಲಿ ಉಂಟು. 2004ರಲ್ಲಿ ಸ್ಯಾನ್ ಆಂಡ್ರಿಯಾಸ್ ಬಂತು. ನಾನು ಸೇತುವೆಯಿಂದ ಜಾರಿ ನೀರಿಗೆ ಬಿದ್ದೆ, ಮುಗಿಯಿತು ಎಂದುಕೊಂಡೆ. ಅವನು ತಲೆ ಎತ್ತಿ ಈಜತೊಡಗಿದ! ಪಕ್ಕದ ಕುರ್ಚಿಯವನನ್ನು ಅಲುಗಿಸಿ ತೋರಿಸಿದೆ. ಮುಂಚೆ ಮುಳುಗಿದ್ದವನಿಗೆ ಮಾತ್ರ ಈಜು ಒಂದು ವರ.

ಪ್ರಿನ್ಸ್ ಆಫ್ ಪರ್ಷಿಯಾ ಇನ್ನೂ ಒಳ್ಳೆಯ ಉದಾಹರಣೆ. ಜೋರ್ಡಾನ್ ಮೆಕ್ನರ್ ತನ್ನ ತಮ್ಮ ಓಡುವುದನ್ನು, ಹಾರುವುದನ್ನು ಕ್ಯಾಮೆರಾದಲ್ಲಿ ಹಿಡಿದು, ಅದನ್ನು ನೋಡಿ ಒಂದೊಂದು ಹೆಜ್ಜೆಯನ್ನೂ ಚಿತ್ರ ಮಾಡಿ 1989ರಲ್ಲಿ ಕೊಟ್ಟ ಆಟ. ಒಟ್ಟು 60 ನಿಮಿಷ, ಅಷ್ಟರೊಳಗೆ ಎಲ್ಲ ಮುಗಿಯಬೇಕು. ಕಾಲವೇ ಅಲ್ಲಿ ಶತ್ರು. 2003ರ ಸ್ಯಾಂಡ್ಸ್ ಆಫ್ ಟೈಮ್‌ನಲ್ಲಿ ಅದೇ ಕಾಲ ನಿನ್ನ ಕೈಯ ಕಠಾರಿಯೊಳಗೆ ಬಂದು ಕೂರುತ್ತದೆ. ಕಾಲು ಜಾರಿ ಬಿದ್ದರೆ ಗಳಿಗೆಯನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾರಬಹುದು. ಕಥೆಗೆ ಕಥೆ ಸಂಬಂಧವಿಲ್ಲ, ಬೇರೆ ರಾಜಕುಮಾರ. ಆದರೆ ಮೊದಲನೆಯದರಲ್ಲಿ ನಿಮಿಷ ನಿಮಿಷ ಎಣಿಸಿ ಬೆವತವನಿಗೆ ಆ ಕಠಾರಿಯ ಬೆಲೆ ಗೊತ್ತು.

ನಮ್ಮ ಮೇಳಗಳಲ್ಲಿಯೂ ಇದೇ ಕ್ರಮ ಅಲ್ಲವೇ? ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಕುಣಿಯುತ್ತಾನೆ. ವರ್ಷ ಹೋದಂತೆ ಪುಂಡುವೇಷ, ಆಮೇಲೆ ಕಿರೀಟ. ಕಾಲಿಗೆ ತಾಳ ಇಳಿಯದೆ ತಲೆಗೆ ಕಿರೀಟ ಏರುವುದಿಲ್ಲ.

ಹಾಗೆಂದು ಇದನ್ನೊಂದು ವ್ರತ ಮಾಡಿಕೊಳ್ಳಬೇಡ. ಎಲ್ಲಿ ಸಡಿಲಿಸಬಹುದು ಎಂದೂ ಹೇಳುತ್ತೇನೆ.

ಕಥೆಗಳು ಬೇರೆ ಬೇರೆಯಾಗಿದ್ದರೆ ಎಲ್ಲಿಂದಲೂ ಶುರು ಮಾಡು. ಫೈನಲ್ ಫ್ಯಾಂಟಸಿ 1987ರಿಂದ ಅಂಕಿ ಹಾಕಿಕೊಂಡು ಬರುತ್ತಿದೆ, ಆದರೆ ಒಂದೊಂದು ಅಂಕಿಗೂ ಹೆಚ್ಚಾಗಿ ಹೊಸ ಲೋಕ, ಹೊಸ ಮಂದಿ. ಮೊದಲಿನಿಂದಲೇ ಬರುತ್ತೇನೆಂದು ಹಟ ಹಿಡಿದರೆ ನಿನಗೆ ಇಷ್ಟವಾಗುವುದು ಸಿಗುವ ಮೊದಲೇ ಸಾಕಾದೀತು.

ಹಳೆಯದನ್ನು ಹೊಸದಾಗಿ ಕಟ್ಟಿದ್ದರೆ ಹೊಸದನ್ನು ಆಡು. ರೆಸಿಡೆಂಟ್ ಈವಿಲ್ ಎರಡು 1998ರದ್ದು, 2019ರಲ್ಲಿ ಅದನ್ನು ಬುಡದಿಂದ ಮತ್ತೆ ಮಾಡಿದರು. ಹಳೆಯದರ ಜಾಗದಲ್ಲಿ ಅದನ್ನು ಇಟ್ಟುಕೊಂಡರೆ ಕಥೆಗೆ ಕೊರತೆಯಿಲ್ಲ.

ಹಿಂದಿನ ಕಥೆಯನ್ನೇ ಹೊಸಬರಿಗೆ ಬಾಗಿಲಾಗಿ ಇಟ್ಟ ಸರಣಿಗಳೂ ಉಂಟು. ಜಪಾನಿನ ಯಾಕುಜಾ ಸರಣಿ ಶುರುವಾದದ್ದು 2005ರಲ್ಲಿ. 2015ರಲ್ಲಿ ಬಂದ 'ಯಾಕುಜಾ ಸೊನ್ನೆ' 1988ಕ್ಕೆ ಹೋಗುತ್ತದೆ. ಹಿಂದಿನದು ಏನೂ ತಿಳಿಯದವನನ್ನೂ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಅಂಥ ಕಡೆ ನೀನೂ ಅಲ್ಲಿಂದಲೇ ಹೋಗು.

ಆದರೆ ಇಸವಿಯ ಪಟ್ಟಿ ಮಾಡಿ, ಕಥೆಯ ಕಾಲಕ್ಕೆ ಸರಿಯಾಗಿ ಜೋಡಿಸಿ ಆಡುತ್ತೇನೆ ಎಂಬ ಆಸೆ ಮಾತ್ರ ಬೇಡ. ಅಸಾಸಿನ್ಸ್ ಕ್ರೀಡ್ ಅನ್ನು ಹಾಗೆ ಜೋಡಿಸಿದರೆ 2018ರಲ್ಲಿ ಬಂದ ಪುರಾತನ ಗ್ರೀಸಿನ ಕಥೆ ಮೊದಲು, 2017ರ ಈಜಿಪ್ಟು ಆಮೇಲೆ, 2007ರಲ್ಲಿ ಬಂದ ಮೊದಲ ಆಟ ಎಲ್ಲೋ ನಡುವೆ. ಆ ಪ್ರಾಚೀನ ಕಥೆಗಳನ್ನೆಲ್ಲ ಪೋಣಿಸಿದ ಇಂದಿನ ಕಾಲದ ದಾರವೊಂದು ಉಂಟು, ಅದು ಆಟಗಳು ಬಂದ ಕ್ರಮದಲ್ಲಿಯೇ ಮುಂದುವರಿಯುತ್ತದೆ. ಪಟ್ಟಿ ನೇರವಾಗಲಿ ಎಂದು ಹೊರಟರೆ ದಾರ ತುಂಡಾಗುತ್ತದೆ.

ಇನ್ನು ಎರಡು ಮಾತು. ಒಂದು, ಕೊನೆಯನ್ನು ಮುಂಚೆಯೇ ಓದಿಕೊಳ್ಳಬೇಡ. ಎಲ್ಲಿಯಾದರೂ ಸಿಕ್ಕಿಕೊಂಡರೆ ಫೋನು ತೆಗೆಯುವ ಮೊದಲು ಎದ್ದು ತೋಟದಲ್ಲಿ ಒಂದು ಸುತ್ತು ಬಾ. ಎರಡು, 2010ರ ಆಟ ಮೊದಲ ಒಂದೆರಡು ಸಂಜೆ ನಿಧಾನ ಅನ್ನಿಸೀತು. ಕುದುರೆ ಹೇಳಿದ ಹಾಗೆ ತಿರುಗಲಿಕ್ಕಿಲ್ಲ. ಮೂರು ಸಂಜೆ ತಾಳ್ಮೆ ಇಟ್ಟು ನೋಡು. ಆಮೇಲೂ ಮನಸ್ಸು ಹತ್ತದಿದ್ದರೆ ಬಿಟ್ಟು ಎರಡನೆಯದಕ್ಕೆ ಹೋಗು. ಕ್ರಮ ಇರುವುದು ಸಂತೋಷಕ್ಕಾಗಿ. ಎರಡನೆಯದಕ್ಕೆ 150 ಜಿಬಿ ಜಾಗ ಬೇಕು, ನಮ್ಮೂರ ನೆಟ್‌ವರ್ಕಿನಲ್ಲಿ ಇಳಿಯಲು ಸಮಯ ಹಿಡಿಯುತ್ತದೆ. ಇಳಿಯಲು ಹಾಕಿ, ಅದು ಮುಗಿಯುವಷ್ಟರಲ್ಲಿ ಮೊದಲನೆಯದನ್ನು ಆಡುತ್ತಾ ಇರು.

ಆಡಿ ಮುಗಿಸಿದ ಮೇಲೆ ನಿನಗೊಂದು ಕೆಲಸ ಉಂಟು. ನಿನ್ನ ತಂಗಿ ಬಾಗಿಲ ಹತ್ತಿರ ನಿಂತು ಪರದೆ ನೋಡುತ್ತಿರುತ್ತಾಳೆ, ನಾನು ಕಂಡಿದ್ದೇನೆ. ಆ ಆಟ ಆಡುವ ಪ್ರಾಯ ಅವಳದ್ದಲ್ಲ. ಆದರೆ ಜಾನ್ ಮಾರ್ಸ್ಟನ್ ಯಾರು, ಯಾಕೆ ಕುದುರೆ ಹತ್ತಿ ಹೊರಟ ಎಂದು ಊಟಕ್ಕೆ ಕೂತಾಗ ಅವಳಿಗೆ ಹೇಳಬಹುದು. ಹೇಳುವಾಗಲೂ ನೀನು ಕಂಡ ಕ್ರಮದಲ್ಲೇ ಹೇಳು, ಮುಂದೇನು ಎಂದು ಅವಳು ಕೇಳುವವರೆಗೆ ಕಾದು ಹೇಳು. ಮುಂದೊಂದು ದಿನ ಅವಳು ಆ ಆಟವನ್ನು ಯಾವ ಕಡೆಯಿಂದ ಶುರು ಮಾಡಿದರೂ ದಾರಿ ತಪ್ಪಲಿಕ್ಕಿಲ್ಲ. ವಾಲಿ ಬಿದ್ದ ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು ಕೂತ ನನಗೆ ದಾರಿ ತಪ್ಪದಿದ್ದದ್ದು ಹಾಗೆಯೇ.

ನಿನ್ನ ಮಾವ