ಸಣ್ಣ ಆದ್ಮೇಲೆ ಕೊಳ್ಳೋಣ ಅಂತ ಕಾಯಬೇಡಿ

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಹರಿಹರದಲ್ಲಿ ಮನೆ, ದಾವಣಗೆರೆಯ ಒಂದು ಸೊಸೈಟಿಯಲ್ಲಿ ಕ್ಲರ್ಕ್ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. ಮಗಳಿಗೆ ಏಳು ವರ್ಷ. ಮಗನಿಗೆ ಹದಿನಾಲ್ಕು ತಿಂಗಳು, ಇನ್ನೂ ಹಾಲು ಬಿಟ್ಟಿಲ್ಲ. ಎರಡೂ ಸಿಸೇರಿಯನ್. ಮೊದಲು 56 ಕೆ.ಜಿ. ಇದ್ದವಳು ಈಗ 68 ಆಗಿದ್ದೇನೆ. ಬೀರು ತುಂಬ ಸೀರೆ, ಚೂಡಿದಾರ ಇವೆ, ಒಂದೂ ಮೈಗೆ ಬರುತ್ತಿಲ್ಲ. ಜಂಪರಿನ ಹುಕ್ಕು ಕೂಡುವುದೇ ಇಲ್ಲ. ಸಣ್ಣ ಆದ್ಮೇಲೆ ಕೊಳ್ಳೋಣ ಅಂತ ಎರಡು ಕುರ್ತಿಯಲ್ಲೇ ವರ್ಷ ಕಳೆದೆ. ಹೋದ ಭಾನುವಾರ ಪೇಟೆಗೆ ಹೋಗಿದ್ದೆವು. ಅಂಗಡಿ ಹುಡುಗ ಎಲ್ಲರೆದುರಿಗೆ ‘ಅಕ್ಕಾರೆ, ನಿಮ್ ಸೈಜ್ ಸಿಗಲ್ರೀ’ ಅಂದುಬಿಟ್ಟ. ಮಗ ಅಳ್ತಿದ್ದ, ಯಜಮಾನರು ಹೊರಡೋಣ ಅಂತಿದ್ದರು. ಬರಿಗೈಲಿ ಬಂದೆ. ಕಾರ್ತೀಕದಲ್ಲಿ ನಾದಿನಿ ಮದುವೆ ಇದೆ. ಕನ್ನಡಿ ಮುಂದೆ ನಿಲ್ಲೋದೇ ಬೇಡ ಅನ್ನಿಸಿದೆ. ಇಂಥ ಸಣ್ಣ ವಿಷಯಕ್ಕೆ ಪತ್ರ ಬರೆಯೋದಕ್ಕೂ ನಾಚಿಕೆ ಆಗ್ತಿದೆ. ಏನು ಮಾಡಲಿ?
— ಹೆಸರು ಬೇಡ, ಹರಿಹರ

ಉತ್ತರ: ನಾಚಿಕೊಳ್ಳುವಂಥದ್ದು ಏನೂ ಇಲ್ಲ ತಂಗಿ. ಬೆಳಗಾದರೆ ನಾಲ್ಕು ಜನರ ಮುಂದೆ ಕೂತು ದುಡಿಯುವ ಹೆಣ್ಣುಮಗಳಿಗೆ ಉಡಲು ಸರಿಯಾದ ಬಟ್ಟೆ ಇಲ್ಲವೆಂದರೆ ಅದು ದಿನದಿನದ ಕಿರಿಕಿರಿ. ಬಿಗಿ ತೋಳಿನಲ್ಲಿ ಬಸ್ಸಿನ ಕಂಬಿ ಹಿಡಿಯುವಾಗ, ಸೆರಗು ಎಳೆದೆಳೆದು ಹುಕ್ಕು ಮುಚ್ಚಿಕೊಳ್ಳುವಾಗ, ಆ ಕಿರಿಕಿರಿ ನಿಮ್ಮ ಮೇಲೆ ನಿಮಗೇ ಸಿಟ್ಟು ತರಿಸುತ್ತದೆ. ನಾನು ಹೇಳುವುದು ಒಂದೇ ಮಾತು: ಇವತ್ತು ಇರುವ ಮೈಗೆ ಇವತ್ತೇ ಬಟ್ಟೆ ಮಾಡಿಸಿಕೊಳ್ಳಿ. ಕಡಿಮೆ ಇರಲಿ, ಅಳತೆಗೆ ಸರಿಯಾಗಿರಲಿ. ನಿಮ್ಮ ಮಗ ಮೂರು ತಿಂಗಳಿಗೊಮ್ಮೆ ಬೆಳೆಯುತ್ತಾನೆ, ನೀವು ಹೊಸ ಅಂಗಿ ತರುತ್ತೀರಿ. ಹಳೇ ಅಂಗಿಗೆ ಸರಿಹೋಗಲಿ ಅಂತ ಅವನಿಗೆ ಯಾರೂ ಹೇಳುವುದಿಲ್ಲ. ಆ ನ್ಯಾಯ ನಿಮಗೂ ಸಲ್ಲಬೇಕು.

ಮೈಗೆ ಸಮಯ ಬೇಕು

ಹೆರಿಗೆಯಾದ ಸುಮಾರು ಆರು ವಾರಕ್ಕೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರುತ್ತದೆ. ಮಿಕ್ಕ ಮೈಗೆ ಆ ಅವಸರವಿಲ್ಲ. ಬಸುರಿನಲ್ಲಿ ಹೊಟ್ಟೆಯ ಮುಂಭಾಗದ ಎರಡು ಸ್ನಾಯುಪಟ್ಟಿಗಳು ಸರಿದು ನಡುವೆ ಸಂದು ಬಿಡುತ್ತವೆ. ಕೆಲವರಿಗೆ ವರ್ಷ ಕಳೆದರೂ ಆ ಸಂದು ಪೂರ್ತಿ ಕೂಡುವುದಿಲ್ಲ, ಹಾಗಾಗಿ ತೂಕ ಇಳಿದರೂ ಹೊಟ್ಟೆ ಮುಂದೆ ಕಾಣುತ್ತದೆ. ಪಕ್ಕೆಲುಬಿನ ಗೂಡು ತುಸು ಅಗಲವಾಗಿಯೇ ಉಳಿಯಬಹುದು. ಪಾದದ ಅಳತೆ ಹೆಚ್ಚಿ ಹಳೇ ಚಪ್ಪಲಿ ಬಿಗಿಯಾಗುವುದೂ ಉಂಟು. ಹಾಲೂಡಿಸುವ ಎದೆಯಂತೂ ಮಗು ಕುಡಿಯುವ ಮುಂಚೆ ಒಂದು ಅಳತೆ, ಕುಡಿದ ಮೇಲೆ ಇನ್ನೊಂದು ಅಳತೆ. ಇದರಲ್ಲಿ ನಿಮ್ಮ ಸೋಮಾರಿತನದ ಪಾಲು ಏನೂ ಇಲ್ಲ.

ಮದುವೆಗೆ ನಾಲ್ಕು ತಿಂಗಳಿದೆ ಎಂದು ರಾತ್ರಿ ಊಟ ಬಿಡಬೇಡಿ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ, ಆಮೇಲಿನ ಆರು ತಿಂಗಳು 520 ಕ್ಯಾಲೊರಿ ಹೆಚ್ಚಿಗೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ನಿಮ್ಮ ಮಗ ಈಗ ಅನ್ನ, ರೊಟ್ಟಿ ತಿನ್ನುವುದರಿಂದ ನಿಮಗೆ ಅಷ್ಟು ಬೇಕಿಲ್ಲ. ಆದರೂ ಹಾಲು ಕೊಡುತ್ತ, ಕೆಲಸಕ್ಕೂ ಹೋಗುತ್ತ ಉಪವಾಸ ಮಾಡಿದರೆ ಸುಸ್ತು ಹೆಚ್ಚುತ್ತದೆ, ಅಷ್ಟೇ. ಒಮ್ಮೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆರಿಗೆಯ ನಂತರದ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವುದುಂಟು. ಅದರಿಂದ ತೂಕವೂ ಏರುತ್ತದೆ, ಮನಸ್ಸೂ ಮಂಕಾಗುತ್ತದೆ.

ಬೀರುವಿನಿಂದ ಶುರು ಮಾಡಿ

ಪೇಟೆಗೆ ಹೋಗುವ ಮುಂಚೆ ಬೀರು ತೆಗೆಯಿರಿ. ಸೀರೆಗಳನ್ನು ಪಕ್ಕಕ್ಕಿಡಿ, ಅವುಗಳಿಂದ ನಿಮಗೆ ತೊಂದರೆಯಿಲ್ಲ. ಐದೂವರೆ ಮೀಟರ್ ಸೀರೆ 56 ಕೆ.ಜಿ.ಗೂ ಅಷ್ಟೇ, 68ಕ್ಕೂ ಅಷ್ಟೇ. ತಕರಾರು ಜಂಪರಿನದು.

ಒಂದು ಜಂಪರ್ ತೆಗೆದುಕೊಂಡು ಒಳಮಗ್ಗಲು ಹೊರಗೆ ಮಾಡಿ. ಕಂಕುಳಿಂದ ಸೊಂಟದವರೆಗೆ ಇಳಿಯುವ ಹೊಲಿಗೆಯ ಆಚೆ ಎಷ್ಟು ಬಟ್ಟೆ ಉಳಿದಿದೆ ನೋಡಿ. ಒಳ್ಳೇ ಟೈಲರ್ ಅಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ, ಬೇಕಾದಾಗ ಒಳಗಿನ ಒಂದು ಸಾಲು ಬಿಚ್ಚಲಿ ಅಂತ. ಮುಂದಿನ ಭಾಗದಲ್ಲಿ ಅರ್ಧ ಇಂಚು, ಹಿಂದಿನ ಭಾಗದಲ್ಲಿ ಅರ್ಧ ಇಂಚು ಬಿಚ್ಚಿದರೆ ಒಂದು ಮಗ್ಗಲಿಗೆ ಒಂದು ಇಂಚು. ಎರಡೂ ಮಗ್ಗಲು ಸೇರಿ ಎರಡು ಇಂಚು ಸಿಕ್ಕಿತು. ಎಷ್ಟೋ ಜಂಪರ್ ಅಷ್ಟರಲ್ಲೇ ಮೈಗೆ ಬರುತ್ತವೆ. ಒಳಗೆ ಬಟ್ಟೆ ಉಳಿದಿಲ್ಲದಿದ್ದರೆ ಮಗ್ಗಲಿಗೆ ಅದೇ ಬಣ್ಣದ ಪಟ್ಟಿ ಕೂಡಿಸಬಹುದು. ತೋಳು ಕೆಳಗಿಳಿದಾಗ ಅದು ಯಾರಿಗೂ ಕಾಣುವುದಿಲ್ಲ.

ಹೊಸದಾಗಿ ಹೊಲಿಸುವಾಗ ದಯವಿಟ್ಟು ಹಳೇ ‘ಅಳತೆ ಜಂಪರ್’ ಕೊಡಬೇಡಿ. ನಮ್ಮಲ್ಲಿ ಬಹುಪಾಲು ಹೆಂಗಸರು ಇದೇ ತಪ್ಪು ಮಾಡುತ್ತಾರೆ. ಮದುವೆಯಾದ ವರ್ಷ ಹೊಲಿಸಿದ ಜಂಪರನ್ನೇ ಕೊಟ್ಟು ‘ಇದಕ್ಕಿಂತ ಸ್ವಲ್ಪ ಸಡಿಲ ಮಾಡಿ’ ಅನ್ನುತ್ತಾರೆ. ಟೇಪು ಹಿಡಿದು ಮೈ ಅಳತೆಯನ್ನೇ ಕೊಡಿ. ಸಂಕೋಚವಾದರೆ ಹೆಣ್ಣುಮಕ್ಕಳು ನಡೆಸುವ ಟೈಲರಿಂಗ್ ಅಂಗಡಿ ಹರಿಹರದಲ್ಲೂ ಇವೆ, ದಾವಣಗೆರೆಯಲ್ಲೂ ಇವೆ. ಮಗುವಿಗೆ ಹಾಲು ಕೊಡುವ ಮುಂಚೆ, ಎದೆ ತುಂಬಿರುವಾಗ ಅಳತೆ ಕೊಡಿ. ಮುಂದೆ ಹುಕ್ಕು, ಕೆಳಗೆ ಅಗಲ ಪಟ್ಟಿ, ಎರಡೂ ಮಗ್ಗಲಲ್ಲಿ ಒಂದೊಂದು ಇಂಚು ಒಳಬಟ್ಟೆ ಬಿಡಲು ಹೇಳಿ. ಲೈನಿಂಗಿನಲ್ಲೂ ಅಷ್ಟೇ ಬಿಡಬೇಕು. ಅದನ್ನು ಮರೆತರೆ ಮುಂದೆ ಬಿಚ್ಚಿದರೂ ಪ್ರಯೋಜನವಿಲ್ಲ.

ಬಟ್ಟೆ ಕೊಳ್ಳಬೇಕಾಗಿಯೂ ಇಲ್ಲ. ಉಡಿ ತುಂಬಿಸಿಕೊಂಡ ಖಣಗಳು ನಿಮ್ಮ ಮನೆಯಲ್ಲೂ ಒಂದು ಗಂಟು ಇರಲೇಬೇಕು. ನಮ್ಮ ಅಜ್ಜಿಯಂದಿರು ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿಸಿ ಮುಂದೆ ಗಂಟು ಹಾಕಿಕೊಳ್ಳುತ್ತಿದ್ದರು. ಬಸುರಿಯಾದಾಗ ಗಂಟು ಸಡಿಲ, ಬಾಣಂತನ ಮುಗಿದ ಮೇಲೆ ಬಿಗಿ. ಹೆಣ್ಣಿನ ಮೈ ಬದಲಾಗುತ್ತಲೇ ಇರುತ್ತದೆ ಎಂಬುದನ್ನು ಆ ಹೊಲಿಗೆ ಒಪ್ಪಿಕೊಂಡಿತ್ತು. ನಿಮ್ಮ ಜಂಪರೂ ಹಾಗೆಯೇ ಇರಲಿ.

ಒಳಗಿನದು ಮೊದಲು

ಮೇಲಿನ ಬಟ್ಟೆ ಚೆನ್ನಾಗಿ ಕೂರಬೇಕಾದರೆ ಬ್ರಾ ಸರಿಯಿರಬೇಕು. ಮದುವೆಗೆ ಮುಂಚಿನ ಅಳತೆಯನ್ನೇ ಬಾಯಿಪಾಠದಂತೆ ಹೇಳಿ ತರಬೇಡಿ. ಎದೆಯ ಕೆಳಗಿನ ಸುತ್ತಳತೆ ಒಂದು, ಎದೆಯ ಮೇಲಿನ ಸುತ್ತಳತೆ ಒಂದು ಮನೆಯಲ್ಲೇ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೆಣ್ಣುಮಕ್ಕಳು ಮಾರಾಟಕ್ಕಿರುವ ಅಂಗಡಿಯಲ್ಲಿ ಆ ಚೀಟಿ ತೋರಿಸಿ ಕೇಳಿ.

ಲಂಗದ ಲಾಡಿಯ ಬಗ್ಗೆ ಇನ್ನೊಂದು ಮಾತು. ಸಿಸೇರಿಯನ್ ಆದವರು ತೆಳು ಲಾಡಿಯನ್ನು ಬಿಗಿದು ಕಟ್ಟಿದರೆ ಹೊಟ್ಟೆ ಎರಡು ಮಡಿಕೆಯಾಗಿ ಕಾಣುತ್ತದೆ, ಸೊಂಟದಲ್ಲಿ ಕಪ್ಪು ಕಲೆ ಬೀಳುತ್ತದೆ, ಚರ್ಮ ಕೆರೆದು ಗಾಯವೂ ಆಗುತ್ತದೆ. ಮೂರು ನಾಲ್ಕು ಇಂಚು ಅಗಲದ ಪಟ್ಟಿ ಇರುವ ಲಂಗ ಹೊಲಿಸಿ. ಸೀರೆ ನೆರಿಗೆಯೂ ಅದರ ಮೇಲೆ ನೇರವಾಗಿ ನಿಲ್ಲುತ್ತದೆ.

ಯಾವ ಬಟ್ಟೆ, ಯಾವ ಕಟಿಂಗು

ನಿಮ್ಮೂರ ಹೊಳೆಯಾಚೆಗಿನ ಕುಮಾರಪಟ್ಟಣದ ಕಾರ್ಖಾನೆ ನಿಮಗೆ ಗೊತ್ತೇ ಇದೆ. ಅಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ನಾರು ತಯಾರಾಗುತ್ತದೆ. ಅಂಗಡಿಯಲ್ಲಿ ನಾವು ರೇಯಾನ್ ಕುರ್ತಿ ಎಂದು ಕೊಳ್ಳುವುದು ಇಂಥ ನಾರಿನ ಬಟ್ಟೆಯನ್ನೇ. ರೇಯಾನ್ ಮೈಮೇಲೆ ಸೆಟೆದು ನಿಲ್ಲದೆ ಇಳಿಬೀಳುತ್ತದೆ, ಸೆಕೆಗೂ ಹಿತ. ಹೊಟ್ಟೆ ಸೊಂಟ ಎದ್ದು ಕಾಣಬಾರದು ಎನ್ನುವವರಿಗೆ ಅದು ಒಪ್ಪುತ್ತದೆ. ಆದರೆ ಮೊದಲ ಒಗೆತಕ್ಕೆ ಕುಗ್ಗಬಹುದು, ಆದ್ದರಿಂದ ಮೈಗೆ ಅಂಟಿದಂತಿರುವುದನ್ನು ಕೊಳ್ಳಬೇಡಿ. ಒದ್ದೆಯಾದಾಗ ಆ ನಾರಿನ ಬಲ ಕುಂದುತ್ತದೆ, ಕಲ್ಲಿಗೆ ಬಡಿದು ಹಿಂಡಬೇಡಿ. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿ, ಎಷ್ಟು ಒಗೆದರೂ ತಡೆಯುತ್ತದೆ. ಹಾಲಿನ ಕಲೆ ದಿನಾ ಒಗೆಯುವ ಮನೆಗೆ ತೆಳು ಹತ್ತಿಯೇ ಮೇಲು. ಗಂಜಿ ಮಾತ್ರ ಹಾಕಬೇಡಿ, ಸೆಟೆದ ಬಟ್ಟೆ ಮೈಯನ್ನು ಅಗಲ ಮಾಡಿ ತೋರಿಸುತ್ತದೆ.

ಕುರ್ತಿ ಹಾಕಿ ನೋಡುವಾಗ ಮೊದಲು ಭುಜ ನೋಡಿ. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಕೂತಿರಬೇಕು. ಭುಜವನ್ನು ತಿದ್ದುವುದು ಕಷ್ಟ, ಸೊಂಟ, ಉದ್ದ, ತೋಳನ್ನು ತಿದ್ದುವುದು ಸುಲಭ. ಎದೆ ಅಥವಾ ಹೊಟ್ಟೆ, ಯಾವುದು ಹೆಚ್ಚೋ ಅದಕ್ಕೆ ಸರಿಯಾದ ಸೈಜು ಕೊಂಡು ಮಿಕ್ಕದ್ದನ್ನು ಹಿಡಿಸಿ. ಸೈಡ್ ಕಟ್ ಸೊಂಟದಲ್ಲೇ ಶುರುವಾದರೆ ಹೊಟ್ಟೆ ಎದ್ದು ಕಾಣುತ್ತದೆ, ಅದಕ್ಕಿಂತ ಕೆಳಗೆ ಶುರುವಾಗಲಿ. ಎದೆಯ ಕೆಳಗೇ ದಟ್ಟ ನೆರಿಗೆ ಇಟ್ಟ ಕುರ್ತಿ ಹಾಕಿದರೆ ಜನ ‘ಮತ್ತೆ ವಿಶೇಷಾನಾ?’ ಅಂತ ಕೇಳುತ್ತಾರೆ. ಮೇಲಿಂದ ಕೆಳಕ್ಕೆ ನಿಧಾನವಾಗಿ ಅಗಲವಾಗುವ ಕಟಿಂಗು ನಿಮಗೆ ಚೆಂದ. ದಪ್ಪಗಿರುವವರು ಕಪ್ಪು, ಕಂದೇ ಉಡಬೇಕೆಂಬ ಕಟ್ಟಳೆಯೇನೂ ಇಲ್ಲ. ನಿಮ್ಮ ಮುಖಕ್ಕೆ ಒಪ್ಪುವ ಬಣ್ಣ ಮೊದಲೂ ಒಪ್ಪುತ್ತಿತ್ತು, ಈಗಲೂ ಒಪ್ಪುತ್ತದೆ.

ಪೇಟೆಗೆ ಹೇಗೆ ಹೋಗಬೇಕು

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ದಾವಣಗೆರೆ. ಮದುವೆ ಜವಳಿಗೆ ಸುತ್ತಲಿನ ಊರಿನವರು ಈಗಲೂ ಇಲ್ಲಿಗೇ ಬರುತ್ತಾರೆ. ಇಲ್ಲಿ ನಿಮ್ಮ ಅಳತೆಗೆ ಬಟ್ಟೆ ಸಿಗದೇ ಇರುವುದಿಲ್ಲ. ಆದರೆ ಭಾನುವಾರ ಸಂಜೆ, ಅಳುವ ಮಗು, ಹೊರಡಲು ಅವಸರಿಸುವ ಯಜಮಾನರು, ಇಷ್ಟು ಕಟ್ಟಿಕೊಂಡು ಯಾರಿಗೂ ಬಟ್ಟೆ ಆರಿಸಲು ಆಗದು. ವಾರದ ನಡುವೆ ಅರ್ಧ ದಿನ ರಜೆ ಹಾಕಿ. ಮಗನನ್ನು ಅತ್ತೆಯ ಹತ್ತಿರವೋ ಯಜಮಾನರ ಹತ್ತಿರವೋ ಬಿಡಿ. ಹರಿಹರದಿಂದ ಹದಿನಾಲ್ಕು ಕಿ.ಮೀ. ದಾರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿಗೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಬರಿಗೈಲಿ ಬಂದರೂ ಖರ್ಚು ದಂಡವಾಯಿತೆಂಬ ಚಿಂತೆಯಿಲ್ಲ. ಬೆಳಿಗ್ಗೆ ಅಂಗಡಿ ತೆಗೆದ ಹೊತ್ತಿಗೆ ಚೌಕಿಪೇಟೆಯಲ್ಲೋ ಕಾಳಿಕಾದೇವಿ ರಸ್ತೆಯಲ್ಲೋ ಇರಿ. ನಿಜ ಹೇಳುವ ಗೆಳತಿ ಒಬ್ಬರು ಜೊತೆಗಿದ್ದರೆ ಸಾಕು.

ಚೀಟಿಯ ಮೇಲಿನ ಎಲ್, ಎಕ್ಸೆಲ್ ನೋಡಿ ನೊಂದುಕೊಳ್ಳಬೇಡಿ. ಒಂದು ಕಂಪನಿಯ ಎಲ್ ಇನ್ನೊಂದರ ಎಕ್ಸೆಲ್. ನಮ್ಮ ಜನರ ಮೈಕಟ್ಟಿಗೆ ಒಪ್ಪುವ ಅಳತೆಪಟ್ಟಿಯೇ ಬಹುಕಾಲ ಇರಲಿಲ್ಲ, ಹೊರದೇಶದ ಪಟ್ಟಿಗಳನ್ನೇ ತಿದ್ದಿ ಬಳಸುತ್ತಿದ್ದರು. ಆ ಕೊರತೆ ನೀಗಲೆಂದೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಆರು ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರ ಅಳತೆ ತೆಗೆಯುವ ‘ಇಂಡಿಯಾ ಸೈಜ್’ ಸಮೀಕ್ಷೆ ಕೈಗೆತ್ತಿಕೊಂಡಿತು. ಇನ್ನೊಮ್ಮೆ ಯಾರಾದರೂ ‘ನಿಮ್ ಸೈಜ್ ಸಿಗಲ್ಲ’ ಅಂದರೆ ತಲೆತಗ್ಗಿಸಬೇಡಿ. ‘ಎದೆ ಇಷ್ಟು ಇಂಚು, ಅದಕ್ಕೆ ಬರೋದು ಏನಿದೆ ತೋರ್ಸಪ್ಪ’ ಅನ್ನಿ. ಅಳತೆ ಹೇಳಿದರೆ ಹುಡುಗನಿಗೂ ಹುಡುಕುವುದು ಸುಲಭ. ಟ್ರಯಲ್ ರೂಮಿನಲ್ಲಿ ನಿಂತು ನೋಡಿದರೆ ಸಾಲದು. ಕೂತು ನೋಡಿ, ಬಗ್ಗಿ ನೋಡಿ, ಬಸ್ಸಿನ ಕಂಬಿ ಹಿಡಿದಂತೆ ಕೈ ಎತ್ತಿ ನೋಡಿ. ಈಗ ಆಷಾಢದ ರಿಯಾಯಿತಿ ಇರುತ್ತದೆ, ಮದುವೆಯ ಬಟ್ಟೆಯೂ ಈಗಲೇ ಆಗಬಹುದು. ರಿಯಾಯಿತಿ ಮಾಲನ್ನು ಬದಲಾಯಿಸಿ ಕೊಡುತ್ತಾರೋ ಇಲ್ಲವೋ ದುಡ್ಡು ಕೊಡುವ ಮುಂಚೆಯೇ ಕೇಳಿ.

ಮನಸ್ಸಿನ ಮಾತು

ಕನ್ನಡಿ ಬೇಡ ಅನ್ನಿಸಿದೆ ಎಂದು ಬರೆದಿದ್ದೀರಿ. ಸರಿಯಾದ ಬಟ್ಟೆ ಸಿಕ್ಕ ಮೇಲೆ ಅದು ಹಗುರಾದರೆ ಒಳ್ಳೆಯದು. ಎರಡು ವಾರ ಕಳೆದರೂ ಯಾವುದರಲ್ಲೂ ಆಸೆ ಇಲ್ಲ, ಮಗು ಮಲಗಿದಾಗಲೂ ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಅಂತಾದರೆ ಅದು ಬಟ್ಟೆಯ ವಿಷಯವಲ್ಲ. ಆಗ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಯಜಮಾನರಿಗೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿ. ‘ನನಗೆ ಅರ್ಧ ದಿನ ಬೇಕು, ಮಗನ್ನ ನೋಡ್ಕೊಳ್ಳಿ’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಏಳು ವರ್ಷದ ಮಗಳ ಎದುರು ನಿಮ್ಮ ಮೈಯನ್ನು ನೀವೇ ಹಳಿದುಕೊಳ್ಳಬೇಡಿ. ಅವಳ ಮೈಯೂ ನಾಳೆ ಬದಲಾಗುತ್ತದೆ. ಆಗ ಏನು ಮಾತಾಡಬೇಕೆಂದು ಅವಳು ನಿಮ್ಮಿಂದಲೇ ಕಲಿಯುತ್ತಾಳೆ.

ಖರ್ಚಿಗೆ ಒಂದು ಕ್ರಮ ಹೇಳುತ್ತೇನೆ. ಈ ತಿಂಗಳ ಸಂಬಳದಲ್ಲಿ ಎರಡು ಬ್ರಾ, ಒಂದು ಅಗಲ ಪಟ್ಟಿಯ ಲಂಗ, ನಾಲ್ಕು ಹಳೇ ಜಂಪರ್ ಬಿಚ್ಚಿಸುವುದು. ಮುಂದಿನ ತಿಂಗಳು ಮೂರು ಕುರ್ತಿ. ಮದುವೆಗೆ ಹೊಸ ಸೀರೆ ಬೇಕೆಂದೇನಿಲ್ಲ. ಇರುವ ಒಳ್ಳೇ ರೇಷ್ಮೆಗೆ ಹೊಸ ಜಂಪರನ್ನು ಒಂದು ತಿಂಗಳು ಮುಂಚೆ ಹೊಲಿಯಲು ಕೊಟ್ಟು, ಹತ್ತು ದಿನ ಮುಂಚೆ ಹಾಕಿ ನೋಡಿ. ತಿದ್ದಲು ಆಗ ಸಮಯವಿರುತ್ತದೆ. ಮದುವೆ ಮುಗಿದ ಮೇಲೆ ಹೇಗಾಯಿತು ಅಂತ ಖಂಡಿತ ಬರೆಯಿರಿ.